ಪಿಂಜಾರ ಅಜ್ಜ ಹೇಳದೆ ಬಿಟ್ಟ ತುಕಡಿ

ಮೊನ್ನೆ ಅವ್ವನ ಹಳೆಯ ಗಾದಿಯ ಹೊಲಿಗೆ ಬಿಚ್ಚಿದೆ. ಹತ್ತಿಯ ಧೂಳು ಮೂಗಿಗೆ ಬಡಿದದ್ದೇ ತಡ, ಪಿಂಜಾರ ಅಜ್ಜ ಬಂದು ಅಂಗಳದಲ್ಲಿ ಕೂತಂತಾಯಿತು...

ಅರವತ್ತರ ದಶಕದ ಕೊನೆ. ಜತ್ತ ತಾಲೂಕಿನ ನಮ್ಮೂರಿಗೆ ಅವರು ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ಬರುತ್ತಿದ್ದರು. ಹತ್ತಿ ಹಿಂಜುತ್ತ ಕತೆ ಹೇಳುತ್ತಿದ್ದರು. ಯಾವಾಗಲೂ ಮೂಸಾ ಪೈಗಂಬರರದೇ ಕತೆ. ಗೌಡರ ವಾಡೆಯಲ್ಲಿ ಕೂತರೆ ರಾಜನ ಸೊಕ್ಕು ಇಳಿದದ್ದು. ಕುರುಬರ ಹಟ್ಟಿಯಲ್ಲಿ, ಮೂಸಾ ಇಬ್ಬರು ಹುಡುಗಿಯರ ಕುರಿಗಳಿಗೆ ನೀರು ಕುಡಿಸಿದ್ದು. ನಾನು ಮೊದಲೇ ಬಾಯಿಬಡುಕಿ, ಅವರ ಹಿಂದೆ ಓಣಿ ಓಣಿ ಅಲೆಯುವವಳು. ಒಮ್ಮೆ ಕೇಳಿಯೇಬಿಟ್ಟೆ.

“ಅಜ್ಜಾ, ಒಂದ ಕತಿ ಎಷ್ಟ ಸಲ ಹೇಳ್ತೀರಿ? ಅದೂ ತುಕಡಿ ತುಕಡಿ.”

“ಕುರಾನದಾಗೂ ಹಂಗ ಐತಿ ತಂಗಿ. ಒಂದೊಂದ ಕಡೆ ಒಂದೊಂದ ತುಕಡಿ. ಕೇಳಾವ್ರಿಗೆ ಯಾವ್ದು ಬೇಕೋ ಅದು. ಜ್ವರ ಬಂದಾವಗ ಗಂಜಿ ಕೊಡ್ತಾರೋ, ಹೋಳಿಗಿ ಬಡಸ್ತಾರೋ?”

ನಾನು ಒಪ್ಪಲಿಲ್ಲ. ಕತೆ ಎಂದರೆ ತುದಿ ಮುಟ್ಟಬೇಕು ಎಂಬ ಹಟ ನನ್ನದು.

ಆ ವರ್ಷ ಅವ್ವ ಎಂಟು ತಿಂಗಳ ನನ್ನ ತಮ್ಮನನ್ನು, ಬೆಳುಂಕಿಯಲ್ಲಿದ್ದ, ಮಕ್ಕಳಿಲ್ಲದ ತನ್ನ ಅಕ್ಕನ ಉಡಿಗೆ ಹಾಕಿದ್ದಳು. ತಾನೇ ಮಾತು ಕೊಟ್ಟವಳು, ಯಾರ ಮುಂದೆ ಅಳಬೇಕು? ತುಂಬಿದ ಮನೆಯಲ್ಲಿ ಒಬ್ಬಳೇ ಆಗಿಹೋಗಿದ್ದಳು. ಅಜ್ಜ ಬಂದಾಗ ಕೂಸಿನ ಸಣ್ಣ ದಿಂಬು ತಂದು ಅವರ ಮುಂದಿಟ್ಟಳು.

“ಇದರ ಹತ್ತಿ ನನ್ನ ಗಾದ್ಯಾಗ ಕೂಡಿಸ್ರಿ ಅಜ್ಜಾ. ಇನ್ನ ಬೇಕಾಗೂದಿಲ್ಲ.”

ಅಜ್ಜ ದಿಂಬಿನ ಹೊಲಿಗೆ ಬಿಚ್ಚಿ ಹಿಂಜತೊಡಗಿದರು. ಊರ ಸುದ್ದಿ ಅವರಿಗೆ ಮೊದಲೇ ಮುಟ್ಟಿರಬೇಕು. ಅಂದು ಅವರು ಹೇಳಿದ್ದು, ರಾಜನ ಭಯಕ್ಕೆ ಕೂಸು ಮೂಸಾನನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟ ತಾಯಿಯ ತುಕಡಿ. ಅವಳ ಎದೆ ಬರಿದಾಯಿತಂತೆ. ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುವಷ್ಟು ಸಂಕಟವಾಯಿತಂತೆ. ಕೊನೆಗೆ ಮಗಳನ್ನು ಕರೆದು, ಅವನ ಹಿಂದೆ ಹೋಗು ಅಂದಳಂತೆ. ಹುಡುಗಿ ದಂಡೆಗುಂಟ, ದೂರದಿಂದಲೇ ನೋಡುತ್ತ ಹೋದಳಂತೆ...

ಅಲ್ಲಿಗೆ ಬಿಲ್ಲಿನ ಸದ್ದು ನಿಂತಿತು.

“ಮುಂದ?” ಅಂದೆ ನಾನು.

“ಈ ಮನಿಗೆ ಇಷ್ಟ, ತಂಗಿ.”

ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕೂಸು ಕೊಟ್ಟ ಮೇಲೆ ಅದೇ ಮೊದಲ ಸಲ.

ಮರುದಿನ ಶೇಂಗಾ ಹೋಳಿಗೆಯ ಗಂಟು ಕೊಟ್ಟು ನನ್ನನ್ನು ಬೆಳುಂಕಿಗೆ ಕಳಿಸಿದಳು. ಆಮೇಲೆ ಏನಾದರೊಂದು ನೆವ ಇದ್ದೇ ಇರುತ್ತಿತ್ತು. ನಾನು ನೋಡಿ ಬಂದು ಹೇಳಬೇಕು. ಎದ್ದು ನಿಂತ, ನಾಲ್ಕು ಹೆಜ್ಜೆ ಇಟ್ಟ... ದೊಡ್ಡವ್ವನನ್ನು ಅವ್ವ ಎಂದು ಕರೆದದ್ದನ್ನು ಮಾತ್ರ ನುಂಗಿಕೊಂಡೆ.

ಎಪ್ಪತ್ತರ ದಶಕದ ಒಂದು ವರ್ಷ ಅಜ್ಜ ಬರಲಿಲ್ಲ. ಮುಂದಿನ ವರ್ಷವೂ ಇಲ್ಲ. ಯಾವ ಊರಲ್ಲಿ ಮಣ್ಣಾದರೋ, ನಾವು ವಿಚಾರಿಸಲೂ ಇಲ್ಲ. ಆ ನಾಚಿಕೆ ನನಗೆ ಇನ್ನೂ ಇದೆ.

ನಾನು ಕನ್ನಡ ಶಾಲೆಯಲ್ಲಿ ಕಲಿಸತೊಡಗಿದ ಮೇಲೆ ಕುರಾನಿನ ಕನ್ನಡ ಅನುವಾದ ಕೈಗೆ ಸಿಕ್ಕಿತು. ಅವ್ವನ ಗಾದಿಯ ಮೇಲೆ ಕೂತು ಅವಳಿಗೆ ಓದಿ ಹೇಳಿದೆ. ಹುಡುಗಿ ದೂರದಿಂದ ನೋಡುತ್ತ ಹೋದಲ್ಲಿಗೆ ಬಂದೆ. ಮುಂದೆ ಕಣ್ಣಾಡಿಸಿದರೆ, ಕೂಸು ತಾಯಿಯ ಮಡಿಲಿಗೇ ತಿರುಗಿ ಬರುತ್ತದೆ, ಅವಳ ಕಣ್ಣು ತಂಪಾಗಲೆಂದು. ಅಜ್ಜ ಯಾಕೆ ನಿಲ್ಲಿಸಿದ್ದರು ಎಂಬುದು ಆಗ ತಿಳಿಯಿತು.

“ಮುಂದ?” ಅವ್ವ ಕೇಳಿದಳು.

“ಇಷ್ಟ ಐತಿ ಅವ್ವಾ,” ಎಂದು ಪುಸ್ತಕ ಮುಚ್ಚಿದೆ.

ತಮ್ಮ ಬೆಳುಂಕಿಯವನಾಗಿಯೇ ಉಳಿದ. ಅವ್ವನನ್ನು ಕೊನೆಯವರೆಗೂ ಚಿಕ್ಕವ್ವ ಎಂದ. ಈಗ ಅವ್ವನೂ ಇಲ್ಲ. ಗಾದಿಯ ಹತ್ತಿ ನನ್ನ ಮುಂದೆ ಗಂಟುಗಟ್ಟಿ ಬಿದ್ದಿದೆ. ಅದರಲ್ಲಿ ಸಣ್ಣ ದಿಂಬಿನದು ಯಾವುದೆಂದು ಬಹಳ ಹೊತ್ತು ಬೆರಳಾಡಿಸಿ ಹುಡುಕಿದೆ. ಅಜ್ಜ ಗೊತ್ತಾಗದ ಹಾಗೆ ಹಿಂಜಿ ಕೂಡಿಸಿದ್ದಾರೆ.