ಸ್ಟೆಲ್ಲಾ ಆಂಟಿಯ ಸುವಾರ್ತೆ ಪಾಠ

ಐವತ್ತು ದಾಟಿದ ಮೇಲೆ ಸೂಜಿಗೆ ಕಣ್ಣಿರುವುದಿಲ್ಲ, ಅಥವಾ ನಮಗಿರುವುದಿಲ್ಲ. ಈ ಬೆಳಗ್ಗೆ ರವೀಂದ್ರನಗರದ ನಮ್ಮ ಮನೆಯಲ್ಲಿ ಅಂಗಿಯ ಗುಂಡಿ ಹೊಲಿಯಲು ಕೂತು, ದಾರದ ತುದಿಯನ್ನು ಮತ್ತೆ ಮತ್ತೆ ಎಂಜಲು ಮಾಡುತ್ತಿದ್ದಾಗ ಸ್ಟೆಲ್ಲಾ ಆಂಟಿಯ ಒಂಟೆ ನೆನಪಾಗಿ ಒಬ್ಬನೇ ನಕ್ಕೆ.

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ನಾವು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿದ್ದೆವು. ಪಕ್ಕದ ಮನೆಯವರು ಸ್ಟೆಲ್ಲಾ ಆಂಟಿ. ಮನೆಮಾತು ತಮಿಳು, ಕನ್ನಡದಲ್ಲಿ ಜಗಳವಾಡುವಷ್ಟು ಪಾಂಡಿತ್ಯವಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಚರ್ಚಿನ ಹೆಂಗಸರ ಕೂಟದಲ್ಲಿ ಸುವಾರ್ತೆಯ ಒಂದು ಕಥೆಯನ್ನು ಕನ್ನಡದಲ್ಲೇ ವಿವರಿಸುವ ಸರದಿ ಅವರಿಗೆ ಬಂತು. ಬೈಬಲ್ ಹಿಡಿದು ನೇರ ನಮ್ಮ ಅಡುಗೆಮನೆಗೆ ಬಂದರು. ಹಣೆ ತುಂಬ ವಿಭೂತಿ ಧರಿಸಿ, ಲಿಂಗಪೂಜೆ ಮಾಡದೆ ನೀರೂ ಮುಟ್ಟದ ನನ್ನ ಅಮ್ಮ ಹೀಗೆ ಸುವಾರ್ತೆಯ ಗುರುವಾದಳು. ಅವರೆಕಾಯಿ ಬಿಡಿಸುತ್ತ ಪಾಠ ಸಾಗಿತು.

ಕಥೆ ನಿಮಗೂ ಗೊತ್ತಿರಬಹುದು. ಒಬ್ಬ ಸಿರಿವಂತ ಓಡಿಬಂದು, ನಿತ್ಯಜೀವ ಸಿಗಲು ಏನು ಮಾಡಬೇಕೆಂದು ಯೇಸುವನ್ನು ಕೇಳುತ್ತಾನೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಮುಖ ಸಪ್ಪಗಾಗಿ ಹೊರಟುಹೋಗುತ್ತಾನೆ. ಅಂಥವನು ಸ್ವರ್ಗ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದೇ ಸುಲಭವಂತೆ. ಅಲ್ಲಿಗೆ ಬಂದಾಗ ಅಮ್ಮನ ದನಿ ನಿಂತಿತು.

ಕಾರಣವಿತ್ತು. ಅಮ್ಮನ ತವರು ಹೊಳಲೂರಿನಲ್ಲಿ ತಾತನ ಗದ್ದೆ ಪಾಲಾಗುವುದಿತ್ತು. ನಿನ್ನ ಪಾಲು ಬೇಡವೆಂದು ಸಹಿ ಹಾಕಿಕೊಡು ಎಂದು ದೊಡ್ಡ ಮಾವ ಹೇಳಿಕಳಿಸಿದ್ದರು. ಅಮ್ಮನಿಗೆ ಮನಸ್ಸಿಲ್ಲ, ತವರು ತಪ್ಪೀತೆಂಬ ಹೆದರಿಕೆ ಬೇರೆ.

"ನೋಡು ಸ್ಟೆಲ್ಲಾ, ನಿಮ್ಮ ದೇವರೂ ಇದನ್ನೇ ಹೇಳ್ತಾನೆ. ಆಸೆ ಬಿಟ್ಟು ಸಹಿ ಹಾಕಿ ಬರ್ತೀನಿ."

"ಇರಕ್ಕಾ, ಇನ್ನೊಂದ್ಸಲ ಓದಿ. ಯಾರಿಗೆ ಕೊಡು ಅಂತಿದೆ?"

"ಬಡವರಿಗೆ."

"ನಿಮ್ಮಣ್ಣ ಬಡವರಾ?"

ದೊಡ್ಡ ಮಾವನಿಗೆ ಅಕ್ಕಿ ಗಿರಣಿಯಿತ್ತು. "ಅಯ್ಯೋ ಮಾರಾಯ್ತಿ!" ಎಂದು ಅಮ್ಮ ನಗಲು ತೊಡಗಿದವಳು ಮೊರದ ಅವರೆಕಾಳನ್ನೆಲ್ಲ ಚೆಲ್ಲಿದಳು.

"ನಗ್ಬೇಡಿ ಅಕ್ಕಾ. ಕೈಗೆ ಬಂದ್ರೆ ತಾನೇ ಕೊಡೋಕಾಗೋದು? ಬರದೇ ಇರೋದನ್ನ ಬಿಡೋದು ಯಾವ ದಾನ?"

ಆ ಭಾನುವಾರ ಎಲ್ಲರೂ ಹೊಳಲೂರಿಗೆ ಹೋದೆವು. ಊಟದ ನಡುವೆ ಮಾವ ಕೇಳಿದರು: "ನಿಂಗೆ ಗದ್ದೆ ಬೇಕೋ, ತವರು ಬೇಕೋ?"

"ಎರಡೂ ಬೇಕಣ್ಣ. ಎರಡೂ ಅಪ್ಪಂದೇ ಅಲ್ವಾ?"

ಅತ್ತೆ ಎದ್ದು ಬಂದು, ಗಂಡನ ಕಡೆ ನೋಡದೆ, ಅಮ್ಮನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು.

ಪಾಲು ಬಂತು, ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅಮ್ಮ ಮುಸುಮುಸು ಅತ್ತಳು. ಆದರೆ ತಾತನ ಕಾಲದಿಂದ ಆ ಗದ್ದೆಯಲ್ಲಿ ನಾಟಿ ಮಾಡುತ್ತ ಗುಡಿಸಲಲ್ಲಿದ್ದ ಚೌಡಮ್ಮನಿಗೆ, ಮನೆ ಕಟ್ಟಿಕೊಳ್ಳಲು ರಸ್ತೆ ಬದಿಯ ಜಾಗವನ್ನು ಬರೆದುಕೊಟ್ಟಳು. ಮರುವರ್ಷ ಮಾವನೇ ಬಾಗಿನ ಹೊತ್ತು ಬಂದು, ಏನೂ ಆಗಿಲ್ಲವೆಂಬಂತೆ ಕಾಫಿಗೆ ಸಕ್ಕರೆ ಕಮ್ಮಿ ಎಂದು ಗೊಣಗಿದರು.

"ಪೂರ್ತಿ ಕೊಡ್ಲಿಲ್ಲ ಕಣೇ, ಒಂಟೆ ಹೊರಗೇ ಉಳೀತು" ಎಂದಳು ಅಮ್ಮ.

"ತಲೆ ನುಗ್ಗಿದೆಯಲ್ಲಕ್ಕಾ!" ಎಂದರು ಸ್ಟೆಲ್ಲಾ ಆಂಟಿ.

ಈಗ ಇಬ್ಬರೂ ಇಲ್ಲ. ಅಮ್ಮನ ಹೆಸರಿನಲ್ಲಿದ್ದ ಈ ಮನೆಗೆ ನನ್ನ ತಂಗಿ ನಾಳೆ ದಾವಣಗೆರೆಯಿಂದ ಬರುವವಳಿದ್ದಾಳೆ. ತನ್ನ ಪಾಲು ಬೇಡವೆಂದು ಸಹಿ ಹಾಕಲು. ಕೇಳಿದವನು ನಾನೇ. ಪಾಪ, ಮರುಮಾತಿಲ್ಲದೆ ಒಪ್ಪಿದ್ದಳು. ಅಂಗಿ ಪಕ್ಕಕ್ಕಿಟ್ಟು ಫೋನು ಮಾಡಿದೆ.

"ಸಹಿ ಬೇಡ ಕಣೆ. ಮಹಡಿ ನಿಂದು."

"ಯಾಕಣ್ಣ, ಹುಷಾರಾಗಿದ್ದೀಯ ತಾನೇ?"

"ಇದ್ದೀನಿ. ಊಟಕ್ಕೆ ಬಾ. ಗೋಡೆಗೆ ಯಾವ ಬಣ್ಣ ಬೇಕು, ಯೋಚಿಸಿ ಹೇಳು."

"ಮುಂದಿನ ರೂಮಿಗೆ ತಿಳಿ ಹಸಿರು" ಎಂದಳು, ಒಂದು ಕ್ಷಣವೂ ಯೋಚಿಸದೆ.