ಕುದಿಸಿದ ಹೆಪ್ಪು

ಸೂಸಾಮಿರ್ ಎಂಬ ಹುಲ್ಲುಗಾವಲಿನ ಮೇಕೆಗಾಹಿಗಳ ಬೀಡಿನಲ್ಲಿ ಝಿಪಾರಳ ಗಂಡನಿಗೆ ತಿಂಗಳಿಂದ ಜ್ವರ ಬಂದು ಬಂದು ಹೋಗುತ್ತಿತ್ತು. ಕಾಯಿಸದ ಮೇಕೆಹಾಲಿನಲ್ಲಿದ್ದ, ಕಣ್ಣಿಗೆ ಕಾಣದ ಜೀವಿಗಳು ರಕ್ತ ಸೇರಿ ಹೆಚ್ಚಿಕೊಂಡಿವೆ ಎಂದು ನರ್ಸ್ ಕಲಿಪಾ ಮಾತ್ರೆ ಕೊಟ್ಟಳು. ಎದೆಹಾಲು ಬಿಡುತ್ತಿದ್ದ ಪುಟ್ಟ ಮಗಳಿಗೂ ಆ ಜ್ವರ ಬಂದೀತೆಂದು ಹೆದರಿದ ಝಿಪಾರ್, ಹಾಲಿನ ಜೊತೆಗೆ ಐರಾನ್ ಮೊಸರಿನ ಹೆಪ್ಪನ್ನೂ ಕೊತಕೊತ ಕುದಿಸಿ, ಹಾಲಿಗೆ ಹಾಕಿಟ್ಟಳು.

ಮರುದಿನವೂ ಹಾಲು ಹಾಲಾಗಿಯೇ ಇತ್ತು.

“ಹೆಪ್ಪು ಬೇಯಿಸಿದ ಸೊಸೆ ನಮ್ಮ ವಂಶದಲ್ಲೇ ನೀನು ಮೊದಲು ಕಣೇ! ನಾಳೆ ಬೆಂಕೀನೂ ತೊಳೀತೀಯೋ ಏನೋ?” ಎಂದು ಅತ್ತೆ ನಕ್ಕಳು.

ಝಿಪಾರ್ ಮಗಳನ್ನೆತ್ತಿಕೊಂಡು ಕಲಿಪಾಳ ಬಳಿ ಹೋದಳು.

“ಅಯ್ಯೋ ಹುಚ್ಚಿ, ಹಾಲನ್ನ ಮೊಸರು ಮಾಡೋದೂ ಅಂಥ ಜೀವಿಗಳೇ. ಒಳ್ಳೇವನ್ನೂ ಸಾಯಿಸಿದೆಯಲ್ಲ!”

“ಅಲ್ಲಕ್ಕಾ, ಎರಡೂ ಕಣ್ಣಿಗೇ ಕಾಣಲ್ಲ. ಒಳ್ಳೇದು ಕೆಟ್ಟದ್ದು ನಾನು ಹೆಂಗೆ ಆರಿಸಲಿ?”

“ಅವನ್ನ ಆರಿಸ್ಬೇಡ, ಹಾಲನ್ನ ಆರಿಸು. ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾದ ಮೇಲೆ ನಮ್ಮನೆ ಹೆಪ್ಪು ಹಾಕು. ತಗೋ, ಇದು ಕಾಯಿಸಿದ ಹಾಲಿಂದೇ ಮಾಡಿದ್ದು.”

ಐರಾನ್ ಗಟ್ಟಿಯಾಗಿ ಹೆಪ್ಪುಗಟ್ಟಿತು. ಮಗಳಿಗೆ ಮೊದಲ ಚಮಚ ಉಣಿಸುವಾಗ, ತಾನು ಕೊಡುತ್ತಿರುವುದು ಮೊಸರೋ ಜೀವಿಗಳ ದೊಡ್ಡ ಮಂದೆಯೋ ಎಂದು ಝಿಪಾರಳಿಗೆ ಬಗೆಹರಿಯಲಿಲ್ಲ. ಮಗಳು ಬಾಯಿ ಚಪ್ಪರಿಸಿ ಇನ್ನೊಂದಕ್ಕೆ ಬಾಯ್ತೆರೆದಳು. ಝಿಪಾರ್ ಕೊಟ್ಟಳು.