ಜಿ ಪಕ್ಕದ ಕೊಕ್ಕೆ

ಕನ್ನಡದ ವಿಷಯ ಬಂದರೆ ನಮ್ಮ ಆಫೀಸಿನಲ್ಲಿ ನನ್ನ ಮಾತೇ ಕೊನೆ. ಗುರುಗ್ರಾಮದ ಆ ಇಡೀ ಮಹಡಿಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಆ ಜಂಬ ನನಗೆ ಸಾಕಷ್ಟಿತ್ತು. ಕರ್ನಾಟಕದ ಸಣ್ಣ ಊರೊಂದರ ಆಸ್ಪತ್ರೆಗೆ ನಾವು ರೋಗಿಗಳ ವಿವರ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ನರ್ಸ್‌ಗಳು ಕನ್ನಡದಲ್ಲೇ ಬರೆಯುವ ಟಿಪ್ಪಣಿಯಲ್ಲಿ ‘ಅಲರ್ಜಿ’ ಎಂಬ ಪದ ಇದ್ದರೆ ರೋಗಿಯ ಪುಟದ ಮೇಲೆ ಕೆಂಪು ಪಟ್ಟಿ ಬರಬೇಕು. ಆ ಭಾಗವನ್ನು ಬರೆದವಳು ನಾನು, ಸರಿಯಿದೆ ಎಂದು ಪರೀಕ್ಷಿಸಿದವಳೂ ನಾನೇ. ಬೇರೆಯವರಿಗೆ ಕನ್ನಡ ಎಲ್ಲಿ ಬರುತ್ತದೆ?

ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಹಿರಿಯ ಸಿಸ್ಟರ್ ಫೋನ್ ಮಾಡಿದರು.

“ಮೇಡಂ, ಒಬ್ಬರಿಗೆ ಕೆಂಪು ಪಟ್ಟಿ ಬಂದೇ ಇಲ್ಲ. ಆ ಇಂಜೆಕ್ಷನ್ ಅವರಿಗೆ ಆಗಲ್ಲ ಅಂತ ನಾನೇ ಬರ್ದಿದ್ದೆ. ಮುಖ ನೆನಪಿತ್ತು, ಅದಕ್ಕೆ ಕೊಡಲಿಲ್ಲ. ಆರು ಗಂಟೆಗೆ ಮತ್ತೆ ಇಂಜೆಕ್ಷನ್ ಕೊಡೋಕೆ ಹೋಗ್ಬೇಕು. ಎಲ್ಲರ ಮುಖ ನೆನಪಿರಲ್ಲ ನನಗೆ.”

ನಾನು ಫೋನ್ ಹಿಡಿದುಕೊಂಡೇ ‘ಅಲರ್ಜಿ’ ಎಂದು ಟೈಪ್ ಮಾಡಿ ನೋಡಿದೆ. ಕೆಂಪು ಪಟ್ಟಿ ತಟ್ಟನೆ ಬಂತು.

“ಇಲ್ಲಿ ಸರಿಯಾಗೇ ಬರ್ತಿದೆ ಸಿಸ್ಟರ್. ನೀವು ಟೈಪ್ ಮಾಡೋವಾಗ ತಪ್ಪಾಗಿರಬೇಕು.”

“ಶಾಲೇಲಿ ಕಲಿಸಿದ ಹಾಗೇ ಬರ್ದಿದೀನಿ ಮೇಡಂ.”

“ಇನ್ನೊಂದ್ಸಲ ನೋಡ್ಕೊಳ್ಳಿ. ಸ್ಕ್ರೀನಿನ ಒಂದು ಫೋಟೋ ಕಳ್ಸಿ.” ಸ್ವಲ್ಪ ಒರಟಾಗಿಯೇ ಹೇಳಿದೆ. ಎದುರಿಗಿದ್ದವರಿಗೆ ತಿಳಿಯುವುದಿಲ್ಲ ಎಂದುಕೊಂಡಾಗ ನನ್ನ ದನಿ ಹಾಗಾಗುತ್ತದೆ.

ಫೋಟೋ ಬಂತು. ಓದಿದೆ. ಅಲರ್ಜಿ. ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ಒಬ್ಬರಿಗೆ ಬಂದಿಲ್ಲ ಎಂದರೆ ಇನ್ನೆಷ್ಟು ಜನರಿಗೆ ಬಂದಿಲ್ಲವೋ. ಸರ್ವರ್ ನೋಡಿದೆ, ಹಳೆಯ ಆವೃತ್ತಿಯೇನಾದರೂ ಓಡುತ್ತಿದೆಯೇ ಎಂದು ನೋಡಿದೆ, ಎಲ್ಲವನ್ನೂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಪ್ರತಿ ಸಲವೂ ಪದವನ್ನು ನಾನೇ ಹೊಸದಾಗಿ ಟೈಪ್ ಮಾಡುತ್ತಿದ್ದೆ, ಪ್ರತಿ ಸಲವೂ ಪಟ್ಟಿ ಬರುತ್ತಿತ್ತು. ಗಂಟೆ ಐದು ದಾಟಿತು.

ನನ್ನ ಎದುರು ಮೇಜಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿ ಕೂರುತ್ತಾಳೆ. ಗ್ರೇಟರ್ ನೋಯ್ಡಾದಿಂದ ಕಾರು ಓಡಿಸಿಕೊಂಡು ಬರುವಷ್ಟರಲ್ಲೇ ಅವಳ ಅರ್ಧ ಜೀವ ಹೋಗಿರುತ್ತದೆ, ಉಳಿದರ್ಧ ನನ್ನ ಜೊತೆ ಜಗಳವಾಡಲು. ಅವತ್ತು ಕುರ್ಚಿ ಉರುಳಿಸಿಕೊಂಡು ಬಂದು ಫೋಟೋವನ್ನೂ ನನ್ನ ಪರದೆಯನ್ನೂ ನೋಡಿದಳು.

“ಯೇ ದೋನೋ ಏಕ್ ಹೀ ಹೈ?”

ಎರಡೂ ಒಂದೇ ಪದ, ನಿನಗೆ ಕನ್ನಡ ಬರುವುದಿಲ್ಲ, ಸುಮ್ಮನೆ ತಲೆ ತಿನ್ನಬೇಡ ಎಂದು ಹಿಂದಿಯಲ್ಲಿ ರೇಗಿದೆ. ಅವಳು ಕದಲಲಿಲ್ಲ.

“ಅಚ್ಛಾ,” ಎಂದು ಪೆನ್ನಿನ ತುದಿಯಿಂದ ತೋರಿಸಿದಳು. ನೀನು ಬರೆದಿದ್ದರಲ್ಲಿ ಕೊನೆಗೆ ಒಂದು ಕೊಕ್ಕೆ ಇದೆ. ಅವರು ಬರೆದಿದ್ದರಲ್ಲಿ ಕೊಕ್ಕೆಯೇ ಇಲ್ಲ, ಕೆಳಗೆ ಏನೋ ನೇತಾಡುತ್ತಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಾನು ಬರೆದದ್ದು ‘ಅಲರ್ಜಿ’, ಜಿ ಪಕ್ಕದಲ್ಲಿ ಅರ್ಕಾವತ್ತು. ಸಿಸ್ಟರ್ ಬರೆದದ್ದು ‘ಅಲರ‍್ಜಿ’, ರಕಾರದ ಕೆಳಗೆ ಜ ಒತ್ತು. ಎರಡೂ ಸರಿ. ಹುಟ್ಟಿದಾಗಿನಿಂದ ಎರಡನ್ನೂ ಒಂದೇ ಎಂದು ಓದಿಕೊಂಡು ಬಂದ ನನ್ನ ಕಣ್ಣಿಗೆ ಆ ವ್ಯತ್ಯಾಸ ಬೀಳಲೇ ಇಲ್ಲ. ಓದಲು ಬಾರದವಳಿಗೆ ಬಿತ್ತು.

ತೊಂದರೆ ಕೊಡುವ ಪದವನ್ನು ಯಾವತ್ತೂ ಹೊಸದಾಗಿ ಟೈಪ್ ಮಾಡಬೇಡಿ, ಇದ್ದ ಹಾಗೆಯೇ ನಕಲು ಮಾಡಿ ಪರೀಕ್ಷಿಸಿ ಎಂದು ಹೊಸಬರಿಗೆ ಮೊದಲ ದಿನವೇ ಪಾಠ ಹೇಳುವವಳು ನಾನು. ಈಗ ಅದನ್ನು ಮಾಡಿದೆ. ಆಸ್ಪತ್ರೆಯ ದಾಖಲೆಯಿಂದ ಪದವನ್ನು ಎತ್ತಿ ತಂದು, ಒಳಗೆ ಎಷ್ಟು ಗುರುತುಗಳಿವೆ ಎಂದು ಎಣಿಸಿದೆ. ನನ್ನದರಲ್ಲಿ ಆರು, ಸಿಸ್ಟರ್ ಬರೆದದ್ದರಲ್ಲಿ ಏಳು. ಒತ್ತನ್ನು ರಕಾರದ ಕೆಳಗೆ ಕೂರಿಸಲು ಕಣ್ಣಿಗೆ ಕಾಣದ ಗುರುತೊಂದು ಸೇರಿಕೊಳ್ಳುತ್ತದೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದಗಳು.

ಹುಡುಕುವ ಮೊದಲು ಆ ಗುರುತನ್ನು ತೆಗೆದುಹಾಕುವಂತೆ ಒಂದೇ ಸಾಲು ಸೇರಿಸಿ, ಎಲ್ಲ ದಾಖಲೆಗಳನ್ನೂ ನನ್ನ ಪರದೆಯ ಮೇಲೆ ಮತ್ತೆ ಜಾಲಾಡಿದೆ. ಈಗ ವಾರ್ಡಿನಲ್ಲಿ ಮಲಗಿರುವವರಲ್ಲೇ ಇನ್ನೂ ಮೂವರಿಗೆ ಪಟ್ಟಿ ಬಂತು. ಆರಕ್ಕೆ ಹತ್ತು ನಿಮಿಷ. ಆ ಸಾಲು ಆಸ್ಪತ್ರೆಯ ಕಂಪ್ಯೂಟರಿಗೆ ತಲುಪಲು ಇನ್ನೂ ಹೊತ್ತು ಹಿಡಿಯುತ್ತಿತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಸಹೋದ್ಯೋಗಿ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು. ಮೂರನೆಯ ಸಲ ಸಿಸ್ಟರ್ ದನಿ ಕೇಳಿತು.

“ಸಿಸ್ಟರ್, ಹಾಸಿಗೆ ನಂಬರ್ ಹೇಳ್ತೀನಿ, ಇಂಜೆಕ್ಷನ್ ಕೊಡ್ಬೇಡಿ. ನಾಲ್ಕು, ಒಂಬತ್ತು, ಹನ್ನೊಂದು.”

“ನಾಲ್ಕು, ಒಂಬತ್ತು ಗೊತ್ತಾಯ್ತು ಮೇಡಂ. ತಪ್ಪು ನಂದೇ ಅಂದ್ರಲ್ಲ ನೀವು, ನನ್ನ ಟೈಪಿಂಗ್ ಮೇಲೆ ನನಗೇ ನಂಬಿಕೆ ಹೋಯ್ತು. ಒಬ್ಬೊಬ್ಬರನ್ನೂ ಬಾಯಿಬಿಟ್ಟು ಕೇಳ್ಕೊಂಡು ಬಂದೆ. ಆದ್ರೆ ಹನ್ನೊಂದರ ಅಜ್ಜಿಗೆ ಕಿವಿ ಕೇಳಲ್ಲ. ಏನೂ ಇಲ್ಲ ಅಂತ ತಲೆ ಆಡಿಸಿದ್ರು.”

ಮುಂದೆ ಕೇಳಿದ್ದು ಓಡುವ ಚಪ್ಪಲಿಯ ಸದ್ದು, ಯಾರನ್ನೋ ನಿಲ್ಲಿಸುವ ಕೂಗು. ಎಷ್ಟು ಹೊತ್ತಾಯಿತೋ ನೆನಪಿಲ್ಲ. ಅಷ್ಟು ಹೆದರಿದ್ದು ನನ್ನ ಜೀವನದಲ್ಲೇ ಕಡಿಮೆ.

“ಕೊಟ್ಟಿಲ್ಲ ಮೇಡಂ,” ಏದುಸಿರು ಬಿಡುತ್ತಾ ಸಿಸ್ಟರ್ ಹೇಳಿದರು. “ಇಂಜೆಕ್ಷನ್ ಕೊಡ್ತಿದ್ದ ಇನ್ನೊಬ್ಬ ನರ್ಸ್ ಇನ್ನೂ ಪಕ್ಕದ ಹಾಸಿಗೆ ಹತ್ರ ಇದ್ರು.”

ನಾನು ತಲೆಯನ್ನು ಮೇಜಿಗೆ ಆನಿಸಿದೆ. ಅವರು ಫೋನ್ ಇಡಲಿಲ್ಲ.

“ನಾನು ಬರ್ದಿದ್ದು ತಪ್ಪಾಗಿತ್ತಾ ಮೇಡಂ?”

“ಇಲ್ಲ ಸಿಸ್ಟರ್. ನೀವು ಬರ್ದಿದ್ದು ಸರಿ ಇತ್ತು. ತಪ್ಪು ನಂದು.”

“ಹಾಗಾದ್ರೆ ಇನ್ಮೇಲೆ ಹೇಗೆ ಬರೀಲಿ?”

“ಶಾಲೇಲಿ ಕಲಿಸಿದ ಹಾಗೇ ಬರೀರಿ,” ಎಂದೆ.